ಟ್ರ್ಯಾಕ್ ಸೈಕಲ್‌ನ ಹೆಡ್‌ಸೆಟ್ ಬದಲಾವಣೆ: ಆಯ್ಕೆ, ಅಳತೆ ಮತ್ತು ಹೊಂದಾಣಿಕೆ

(ಸೈಕ್ಲಿಂಗ್ ಕ್ರೀಡಾಪಟುಗಳು, ತರಬೇತುದಾರರು, ಪೋಷಕರು ಹಾಗೂ ಬಿಡಿಭಾಗಗಳಿಗಾಗಿ ಬೇಡಿಕೆ ಸಲ್ಲಿಸುವ ಸಂಘ ಸಂಸ್ಥೆಗಳ ತಿಳಿವಳಿಕೆಗಾಗಿ)

1. ಪೀಠಿಕೆ

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ. ಗೇರ್ ಬದಲಿಸುವ ಸೌಲಭ್ಯವೂ ಇರುವುದಿಲ್ಲ. ಹಿಂದಿನ ಗಾಲಿಯ ಹಲ್ಲುಚಕ್ರವು ಗಾಲಿಗೆ ಸ್ಥಿರವಾಗಿ ಜೋಡಣೆಯಾಗಿರುವುದರಿಂದ ಗಾಲಿ ಉರುಳುವಷ್ಟು ಕಾಲವೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸವಾರನು ವೇಗವನ್ನು ಕಾಲಿನಿಂದಲೂ ದಿಕ್ಕನ್ನು ಹ್ಯಾಂಡಲ್‌ನಿಂದಲೂ ನಿಯಂತ್ರಿಸಬೇಕಾಗುತ್ತದೆ. ಹ್ಯಾಂಡಲ್ ಹಾಗೂ ಮುಂದಿನ ಗಾಲಿ ಚೌಕಟ್ಟಿನೊಳಗೆ ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗ್‌ಗಳ ಜೋಡಣೆಗೆ ಹೆಡ್‌ಸೆಟ್ ಎಂದು ಹೆಸರು.

ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಬಳಸುವ 250 ಮೀಟರ್ ಉದ್ದದ ಓಟಪಥದ ತಿರುವುಗಳು ಸುಮಾರು 42ರಿಂದ 45 ಡಿಗ್ರಿಯಷ್ಟು ಓರೆಯಾಗಿರುತ್ತವೆ. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ನಿರ್ಮಿಸಲಾದ ಮರದ ಹಾಸಿನ ವೆಲೋಡ್ರೋಮ್ ಈ ಬಗೆಯದು. ಇಂತಹ ಓಟಪಥದಲ್ಲಿ ಸವಾರರು ಒಬ್ಬರ ಗಾಲಿಗೆ ಮತ್ತೊಬ್ಬರ ಗಾಲಿ ಅತಿ ಸಮೀಪವಿರುವಂತೆ ಸಾಗುತ್ತಾರೆ. ಹೆಡ್‌ಸೆಟ್ ಸಡಿಲವಾಗಿದ್ದರೆ ಮುಂದಿನ ಗಾಲಿ ಅದುರುತ್ತದೆ. ಅತಿಯಾಗಿ ಬಿಗಿಯಾಗಿದ್ದರೆ ಸೈಕಲ್ ನೇರ ಹಾದಿಯನ್ನು ಹಿಡಿಯದೆ ಅತ್ತಿತ್ತ ಅಲೆಯುತ್ತದೆ. ಎರಡೂ ಸಂದರ್ಭಗಳಲ್ಲಿ ಅಪಾಯವು ಆ ಸವಾರನಿಗೆ ಮಾತ್ರವಲ್ಲದೆ ಅವನ ಹಿಂದೆ ಬರುವವರಿಗೂ ಒದಗುತ್ತದೆ.

ಕರ್ನಾಟಕದಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್ ಕ್ರೀಡೆಗೆ ಬಹುಕಾಲದಿಂದ ಹೆಸರಾಗಿವೆ. ತರಬೇತಿಗೆ ಬಳಸುವ ಸೈಕಲ್ ಒಬ್ಬ ಕ್ರೀಡಾಪಟುವಿನಿಂದ ಮತ್ತೊಬ್ಬರಿಗೆ ಹಸ್ತಾಂತರವಾಗುತ್ತಾ ವರ್ಷಗಟ್ಟಲೆ ಬಳಕೆಯಲ್ಲಿರುವುದುಂಟು. ಅಂತಹ ಸೈಕಲ್‌ನ ಚೌಕಟ್ಟು ಗಟ್ಟಿಯಾಗಿದ್ದರೂ ಹೆಡ್‌ಸೆಟ್ ಸವೆದಿರುತ್ತದೆ. ಅಳತೆ ತಿಳಿಯದೆ ತರಿಸಿದ ಹೆಡ್‌ಸೆಟ್ ಕೂರದೇ ಹೋದರೆ ಹಣವೂ ಅಭ್ಯಾಸದ ದಿನಗಳೂ ವ್ಯರ್ಥವಾಗುತ್ತವೆ. ಕೂರದುದನ್ನು ಬಲವಂತದಿಂದ ಕೂರಿಸಿದರೆ ಚೌಕಟ್ಟೇ ಹಾಳಾಗುತ್ತದೆ. ಆದುದರಿಂದ ಖರೀದಿಗೆ ಮೊದಲು ಅಳತೆ ಮಾಡುವ ಕ್ರಮವನ್ನೂ ಜೋಡಿಸಿದ ನಂತರ ಹೊಂದಿಸುವ ಕ್ರಮವನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

2. ಹೆಡ್‌ಸೆಟ್‌ನ ಭಾಗಗಳು

ಚೌಕಟ್ಟಿನ ಮುಂಭಾಗದಲ್ಲಿರುವ ಗಿಡ್ಡ ನಳಿಕೆಗೆ ಹೆಡ್ ಟ್ಯೂಬ್ ಎನ್ನುತ್ತಾರೆ. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್‌ನ ಮೇಲ್ಭಾಗದ ನಳಿಕೆ ಇದರೊಳಗಿಂದ ಹಾದು ಮೇಲಕ್ಕೆ ಬರುತ್ತದೆ; ಅದಕ್ಕೆ ಸ್ಟಿಯರರ್ ಎಂದು ಹೆಸರು. ಇವೆರಡರ ನಡುವೆ ಈ ಕೆಳಕಂಡ ಭಾಗಗಳಿರುತ್ತವೆ.

(ಅ) ಕ್ರೌನ್ ರೇಸ್: ಫೋರ್ಕ್‌ನ ಎರಡು ಕಾಲುಗಳು ಕೂಡುವ ಭುಜದ ಮೇಲೆ ಬಿಗಿಯಾಗಿ ಕೂರುವ ಉಂಗುರ.
(ಆ) ಕೆಳಗಿನ ಕಪ್ ಮತ್ತು ಮೇಲಿನ ಕಪ್: ಹೆಡ್ ಟ್ಯೂಬ್‌ನ ಎರಡು ತುದಿಗಳಲ್ಲಿ ಒತ್ತಿ ಕೂರಿಸಿದ ಬಟ್ಟಲುಗಳು.
(ಇ) ಬೇರಿಂಗ್‌ಗಳು: ಬಿಡಿ ಉಕ್ಕಿನ ಗುಂಡುಗಳು, ಪಂಜರದಲ್ಲಿ ಜೋಡಿಸಿದ ಗುಂಡುಗಳು ಅಥವಾ ಮುಚ್ಚಿದ ಕಾರ್ಟ್ರಿಜ್ ಬೇರಿಂಗ್.
(ಈ) ಹೊಂದಾಣಿಕೆಯ ಭಾಗ: ಹಳೆಯ ಮಾದರಿಯಲ್ಲಿ ಥ್ರೆಡ್ ಇರುವ ಮೇಲಿನ ರೇಸ್, ವಾಷರ್ ಮತ್ತು ಲಾಕ್‌ನಟ್, ಹೊಸ ಮಾದರಿಯಲ್ಲಿ ಬಿಗಿಯುಂಗುರ, ಸ್ಟೆಮ್ ಮತ್ತು ಮೇಲ್ಮುಚ್ಚಳ.

ಇವುಗಳಲ್ಲಿ ಕೆಳಗಿನ ಬೇರಿಂಗ್ ಹೆಚ್ಚು ಭಾರವನ್ನು ಹೊರುತ್ತದೆ. ಮುಂದಿನ ಗಾಲಿಯಿಂದ ಏಳುವ ನೀರು ಹಾಗೂ ಧೂಳು ಮೊದಲು ತಲುಪುವುದೂ ಅಲ್ಲಿಗೇ. ಆದುದರಿಂದ ಸವೆತದ ಪರೀಕ್ಷೆಯನ್ನು ಕೆಳಗಿನಿಂದಲೇ ಆರಂಭಿಸತಕ್ಕದ್ದು.

3. ಬದಲಾವಣೆ ಅಗತ್ಯವೆಂದು ತಿಳಿಯುವುದು ಹೇಗೆ

ಸೈಕಲ್‌ನ ಮುಂಭಾಗವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸಬೇಕು. ಒಳಗೆ ಮರಳು ಸಿಕ್ಕಿದಂತೆ ಒರಟು ತೋರಿದರೆ ಬಿಚ್ಚಿ, ಶುಚಿಗೊಳಿಸಿ, ಹೊಸ ಗ್ರೀಸ್ ಹಾಕಿದರೆ ಸರಿಹೋಗಬಹುದು. ಆದರೆ ಹ್ಯಾಂಡಲ್ ನೇರವಾಗುವ ಸ್ಥಾನಕ್ಕೆ ಬಂದಾಗಲೆಲ್ಲ ‘ಟಕ್’ ಎಂದು ಒಂದು ಗುಳಿಯಲ್ಲಿ ಕೂತಂತೆ ಭಾಸವಾದರೆ ರೇಸ್‌ಗಳಲ್ಲಿ ನಿಜವಾಗಿಯೂ ಗುಳಿ ಬಿದ್ದಿರುತ್ತದೆ.

ಈ ಗುಳಿಗಳು ಹೊಂಡಕ್ಕೆ ಬಿದ್ದ ಪೆಟ್ಟಿನಿಂದಲೇ ಆಗುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸಮತಟ್ಟಾದ ಓಟಪಥದಲ್ಲಿ ಓಡುವ ಸೈಕಲ್‌ಗಳಲ್ಲಿಯೂ ಇವು ಕಾಣಿಸಿಕೊಳ್ಳುತ್ತವೆ. ಸೈಕಲ್ ಬಹುಪಾಲು ನೇರ ದಿಕ್ಕಿನಲ್ಲಿಯೇ ಚಲಿಸುವುದರಿಂದ ಪ್ರತಿಯೊಂದು ಗುಂಡೂ ರೇಸ್‌ನ ಒಂದೇ ಜಾಗದ ಮೇಲೆ ಗಂಟೆಗಟ್ಟಲೆ ನಿಂತು ಸೂಕ್ಷ್ಮವಾಗಿ ಅದುರುತ್ತಿರುತ್ತದೆ. ಗುಂಡು ಹೊರಳಿದರೆ ಮಾತ್ರ ಗ್ರೀಸ್ ಮತ್ತೆ ಮೇಲ್ಮೈಗೆ ಹರಡುತ್ತದೆ. ಹೊರಳದಿದ್ದಾಗ ಲೋಹಕ್ಕೆ ಲೋಹ ತಾಗಿ ಸವೆಯುತ್ತದೆ. ಇದರಿಂದ ಎರಡು ವಿಷಯಗಳು ತಿಳಿಯುತ್ತವೆ: ಗ್ರೀಸ್ ಒಣಗಿದ ಹೆಡ್‌ಸೆಟ್ ಬಳಸದೆ ಇಟ್ಟದ್ದಕ್ಕಿಂತ ಬೇಗ ಕೆಡುತ್ತದೆ, ಗುಳಿ ಬಿದ್ದ ರೇಸ್ ಎಷ್ಟೇ ಗ್ರೀಸ್ ಹಾಕಿದರೂ ಸರಿಹೋಗುವುದಿಲ್ಲ.

ಗುಳಿ ಬಿದ್ದ ಹೆಡ್‌ಸೆಟ್‌ನ ತೊಂದರೆ ನಿಧಾನವಾಗಿ ಸಾಗುವಾಗ ಅಷ್ಟಾಗಿ ತಿಳಿಯುವುದಿಲ್ಲ. ಸೈಕಲ್ ಸಮತೋಲ ಕಾಯ್ದುಕೊಳ್ಳುವುದು ಹ್ಯಾಂಡಲ್‌ನ ಅತಿ ಚಿಕ್ಕ ತಿದ್ದುಪಡಿಗಳಿಂದ. ಹ್ಯಾಂಡಲ್ ಮಧ್ಯದಲ್ಲಿಯೇ ಸಿಕ್ಕಿಕೊಂಡರೆ ಸವಾರನು ಪ್ರತಿ ತಿದ್ದುಪಡಿಗೂ ಹೆಚ್ಚು ಬಲ ಹಾಕುತ್ತಾನೆ. ಅದು ಬಿಟ್ಟುಕೊಂಡಾಗ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತದೆ. ಗುಂಪಿನಲ್ಲಿ ಸಾಗುವಾಗ ಇದು ಸಹಿಸತಕ್ಕ ದೋಷವಲ್ಲ.

4. ಮೊದಲು ಮಾದರಿಯನ್ನು ಗುರುತಿಸಿರಿ

ಬಳಕೆಯಲ್ಲಿರುವ ಟ್ರ್ಯಾಕ್ ಸೈಕಲ್‌ಗಳಲ್ಲಿ ಮುಖ್ಯವಾಗಿ ಮೂರು ಮಾದರಿಗಳು ಕಂಡುಬರುತ್ತವೆ.

(ಅ) ಥ್ರೆಡ್ ಇರುವ ಮಾದರಿ: ಹಳೆಯ ಉಕ್ಕಿನ ಚೌಕಟ್ಟುಗಳಲ್ಲಿ ಸಾಮಾನ್ಯ. ಸ್ಟಿಯರರ್‌ನ ಮೇಲ್ತುದಿಯಲ್ಲಿ ತಿರುಪಿನ ಥ್ರೆಡ್ ಇರುತ್ತದೆ. ಹ್ಯಾಂಡಲ್‌ನ ಸ್ಟೆಮ್ ಸ್ಟಿಯರರ್ ಒಳಗೆ ಇಳಿದಿರುತ್ತದೆ. ಸ್ಟೆಮ್‌ನ ಕೆಳಗೆ ಸ್ಪ್ಯಾನರ್ ಹಿಡಿಯುವ ದೊಡ್ಡ ನಟ್ ಕಾಣುತ್ತದೆ.

(ಆ) ಥ್ರೆಡ್ ಇಲ್ಲದ ಮಾದರಿ: 1990ರ ದಶಕದಿಂದೀಚೆಗೆ ಹರಡಿದ ವ್ಯವಸ್ಥೆ. ಸ್ಟೆಮ್ ಸ್ಟಿಯರರ್‌ನ ಹೊರಗಿನಿಂದ ಹಿಡಿದಿರುತ್ತದೆ. ಮೇಲೆ ಒಂದು ಮುಚ್ಚಳ ಮತ್ತು ಅದರ ನಡುವೆ ಒಂದು ಬೋಲ್ಟ್, ಸ್ಟೆಮ್‌ನ ಬದಿಯಲ್ಲಿ ಒಂದೆರಡು ಬೋಲ್ಟ್‌ಗಳು ಇರುತ್ತವೆ.

(ಇ) ಒಳಸೇರಿದ ಮಾದರಿ: ಥ್ರೆಡ್ ಇಲ್ಲದ ವ್ಯವಸ್ಥೆಯದೇ ಇನ್ನೊಂದು ರೂಪ. ಹೊರಗೆ ಕಪ್‌ಗಳು ಕಾಣುವುದಿಲ್ಲ. ಕಾರ್ಟ್ರಿಜ್ ಬೇರಿಂಗ್‌ಗಳು ಹೆಡ್ ಟ್ಯೂಬ್‌ನೊಳಗೇ ಕೂರುತ್ತವೆ. ಕಾರ್ಬನ್ ಮತ್ತು ಇತ್ತೀಚಿನ ಅಲ್ಯೂಮಿನಿಯಂ ಚೌಕಟ್ಟುಗಳಲ್ಲಿ ಸಾಮಾನ್ಯ.

ಒಂದು ಮಾದರಿಯ ಹೆಡ್‌ಸೆಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಥ್ರೆಡ್ ಇರುವ ಮಾದರಿಯಿಂದ ಥ್ರೆಡ್ ಇಲ್ಲದ ಮಾದರಿಗೆ ಬದಲಿಸಬೇಕಾದರೆ ಫೋರ್ಕ್ ಮತ್ತು ಸ್ಟೆಮ್ ಎರಡನ್ನೂ ಬದಲಿಸಬೇಕಾಗುತ್ತದೆ.

5. ಅಳತೆ ತೆಗೆದುಕೊಳ್ಳುವ ವಿಧಾನ

ಅಳತೆಗೆ ವರ್ನಿಯರ್ ಕ್ಯಾಲಿಪರ್ಸ್ ಅವಶ್ಯಕ. ಮಾಪಕ ಪಟ್ಟಿಯಿಂದ ತೆಗೆದ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಏಕೆಂದರೆ ಸರಿಯಾದ ಮತ್ತು ತಪ್ಪಾದ ಭಾಗಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ 0.2 ಮಿ.ಮೀ. ಮಾತ್ರ. ಸ್ವಂತ ಉಪಕರಣವಿಲ್ಲದವರು ಹತ್ತಿರದ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಥವಾ ಕೈಗಾರಿಕಾ ತರಬೇತಿ ಸಂಸ್ಥೆಯ ಕಾರ್ಯಾಗಾರದಲ್ಲಿ ವಿಚಾರಿಸಬಹುದು. ಪ್ರತಿ ವ್ಯಾಸವನ್ನು ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಎರಡೂ ಅಳತೆಗಳು ಒಂದೇ ಆಗಿರದಿದ್ದರೆ ನಳಿಕೆಯು ಅಂಡಾಕಾರಕ್ಕೆ ತಿರುಗಿದೆ ಎಂದರ್ಥ.

5.1 ಸ್ಟಿಯರರ್‌ನ ಹೊರವ್ಯಾಸ

ಥ್ರೆಡ್ ಇರುವ ಹಳೆಯ ಮಾದರಿಯಲ್ಲಿ ಇದು ಸಾಮಾನ್ಯವಾಗಿ ಒಂದು ಅಂಗುಲ, ಅಂದರೆ 25.4 ಮಿ.ಮೀ.; ಅಂಗುಲಕ್ಕೆ 24 ಥ್ರೆಡ್‌ಗಳಿರುತ್ತವೆ. ಥ್ರೆಡ್‌ನ ತುದಿಗಳು ಸವೆದಿರುವುದರಿಂದ ಕ್ಯಾಲಿಪರ್ಸ್‌ನಲ್ಲಿ 25.2 ಅಥವಾ 25.3 ಎಂದು ಬರಬಹುದು. 25.0 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ ಅಗತ್ಯ: ಹಳೆಯ ಫ್ರೆಂಚ್ ಸೈಕಲ್‌ಗಳಲ್ಲಿ 25 ಮಿ.ಮೀ. ವ್ಯಾಸ ಹಾಗೂ 1 ಮಿ.ಮೀ. ಅಂತರದ ಥ್ರೆಡ್ ಬಳಕೆಯಲ್ಲಿತ್ತು. ಅದಕ್ಕೆ ಸಾಮಾನ್ಯ ನಟ್ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಥ್ರೆಡ್ ಇಲ್ಲದ ಮಾದರಿಯಲ್ಲಿ ವ್ಯಾಸವು ಹೆಚ್ಚಾಗಿ 28.6 ಮಿ.ಮೀ. (ಒಂದೂ ಎಂಟನೇ ಒಂದು ಅಂಗುಲ) ಇರುತ್ತದೆ. ಕೆಲವು ಕಾರ್ಬನ್ ಫೋರ್ಕ್‌ಗಳಲ್ಲಿ ಮೇಲೆ 28.6 ಇದ್ದು ಕೆಳಗೆ ಅದಕ್ಕಿಂತ ಅಗಲವಾಗಿರುತ್ತದೆ. ಹಾಗಿದ್ದಲ್ಲಿ ಮೇಲಿನ ಮತ್ತು ಕೆಳಗಿನ ಬೇರಿಂಗ್‌ಗಳು ಬೇರೆ ಬೇರೆ ಗಾತ್ರದವು.

5.2 ಕ್ರೌನ್ ರೇಸ್ ಕೂರುವ ಜಾಗದ ವ್ಯಾಸ

ಹಳೆಯ ರೇಸ್ ತೆಗೆದ ನಂತರ ಫೋರ್ಕ್‌ನ ಭುಜದ ಮೇಲೆ ಅಳೆಯಬೇಕು. ಒಂದು ಅಂಗುಲದ ಫೋರ್ಕ್‌ಗಳಲ್ಲಿ ಎರಡು ಪದ್ಧತಿಗಳಿವೆ: ರೇಸ್‌ನ ಒಳವ್ಯಾಸ 26.4 ಮಿ.ಮೀ. ಇರುವ ಅಂತರರಾಷ್ಟ್ರೀಯ ಪದ್ಧತಿ ಮತ್ತು 27.0 ಮಿ.ಮೀ. ಇರುವ ಜಪಾನಿನ ಕೈಗಾರಿಕಾ ಮಾನಕದ ಪದ್ಧತಿ. ತಪ್ಪು ಖರೀದಿಯ ಪ್ರಕರಣಗಳು ಹೆಚ್ಚಾಗಿ ಈ ಒಂದು ಅಂಶದಿಂದ ಉಂಟಾಗುತ್ತವೆ, ಏಕೆಂದರೆ ಎರಡರ ಥ್ರೆಡ್ ಒಂದೇ ಆಗಿದ್ದು ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಥ್ರೆಡ್ ಇಲ್ಲದ 28.6 ಮಿ.ಮೀ. ಫೋರ್ಕ್‌ಗಳಲ್ಲಿ ರೇಸ್‌ನ ಅಳತೆ ಸಾಮಾನ್ಯವಾಗಿ 30.0 ಮಿ.ಮೀ.

ಫೋರ್ಕ್‌ನ ಜಾಗವು ರೇಸ್‌ನ ಒಳವ್ಯಾಸಕ್ಕಿಂತ ಸುಮಾರು 0.1 ಮಿ.ಮೀ. ದೊಡ್ಡದಿರಬೇಕು. ಆಗ ಮಾತ್ರ ರೇಸ್ ಬಿಗಿಯಾಗಿ ಕೂರುತ್ತದೆ. 27.0ರ ಫೋರ್ಕ್‌ಗೆ 26.4ರ ರೇಸ್ ಹಾಕಬೇಕೆಂದರೆ ನುರಿತ ಕಾರ್ಯಾಗಾರದಲ್ಲಿ ಸೂಕ್ತ ಉಪಕರಣದಿಂದ ಫೋರ್ಕ್‌ನ ಜಾಗವನ್ನು ಕಡೆಯಿಸಬಹುದು. 26.4ರ ಫೋರ್ಕ್‌ಗೆ 27.0ರ ರೇಸ್ ಹಾಕಿ ನಡುವೆ ತಗಡು ಸೇರಿಸುವ ಪದ್ಧತಿಯನ್ನು ಅನುಸರಿಸಬಾರದು. ತಗಡು ಸವೆದಂತೆ ರೇಸ್ ಸಡಿಲವಾಗುತ್ತದೆ.

5.3 ಹೆಡ್ ಟ್ಯೂಬ್‌ನ ಒಳವ್ಯಾಸ

ಕಪ್‌ಗಳನ್ನು ತೆಗೆದ ನಂತರ ಎರಡೂ ತುದಿಗಳಲ್ಲಿ ಅಳೆಯಬೇಕು. ಒಂದು ಅಂಗುಲದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಪ್‌ನ ಹೊರವ್ಯಾಸ 30.2 ಮಿ.ಮೀ.; ಜಪಾನಿನ ಪದ್ಧತಿಯಲ್ಲಿ 30.0 ಮಿ.ಮೀ. ಹೆಡ್ ಟ್ಯೂಬ್ ಇವುಗಳಿಗಿಂತ 0.1ರಿಂದ 0.2 ಮಿ.ಮೀ. ಚಿಕ್ಕದಾಗಿರುತ್ತದೆ. 28.6 ಮಿ.ಮೀ. ಸ್ಟಿಯರರ್‌ಗೆ ಹೊರಕಪ್ ಇರುವ ಹೆಡ್‌ಸೆಟ್ 34 ಮಿ.ಮೀ. ವರ್ಗಕ್ಕೆ ಸೇರುತ್ತದೆ. ಹೊಸ ಕಪ್ ಕೈಯಿಂದಲೇ ಸುಲಭವಾಗಿ ಒಳಹೋದರೆ ಅದು ತಪ್ಪು ಅಳತೆಯದು, ಇಲ್ಲವೆ ಹೆಡ್ ಟ್ಯೂಬ್ ಹಿಗ್ಗಿದೆ.

5.4 ಜೋಡಣೆಯ ಎತ್ತರ

ಥ್ರೆಡ್ ಇರುವ ಮಾದರಿಯಲ್ಲಿ ವ್ಯಾಸಗಳೆಲ್ಲ ಸರಿಯಿದ್ದರೂ ಎತ್ತರ ತಪ್ಪಿದರೆ ಹೆಡ್‌ಸೆಟ್ ಉಪಯೋಗಕ್ಕೆ ಬರುವುದಿಲ್ಲ. ಕ್ರೌನ್ ರೇಸ್ ಕೂರುವ ಜಾಗದಿಂದ ಸ್ಟಿಯರರ್‌ನ ಮೇಲ್ತುದಿಯವರೆಗಿನ ಉದ್ದದಲ್ಲಿ ಹೆಡ್ ಟ್ಯೂಬ್‌ನ ಉದ್ದವನ್ನು ಕಳೆದರೆ ಹೆಡ್‌ಸೆಟ್‌ಗೆ ದೊರೆಯುವ ಸ್ಥಳ ತಿಳಿಯುತ್ತದೆ.

ಉದಾಹರಣೆ: ಸ್ಟಿಯರರ್ 157 ಮಿ.ಮೀ., ಹೆಡ್ ಟ್ಯೂಬ್ 120 ಮಿ.ಮೀ. ಎಂದಿಟ್ಟುಕೊಳ್ಳೋಣ. ದೊರೆಯುವ ಸ್ಥಳ 37 ಮಿ.ಮೀ. ಲಾಕ್‌ನಟ್‌ನ ಮೇಲಂಚು ಸ್ಟಿಯರರ್‌ನ ತುದಿಗೆ ತಾಗದೆ ಸ್ವಲ್ಪ ಮೇಲಿರಬೇಕಾದುದರಿಂದ 38 ಮಿ.ಮೀ. ಎತ್ತರದ ಹೆಡ್‌ಸೆಟ್ ಸರಿಹೊಂದುತ್ತದೆ. 42 ಮಿ.ಮೀ. ಎತ್ತರದ್ದನ್ನು ತಂದರೆ ಲಾಕ್‌ನಟ್ ಒಂದೆರಡು ಥ್ರೆಡ್ ಮಾತ್ರ ಹಿಡಿಯುತ್ತದೆ. ಅದು ಓಟದ ನಡುವೆ ಕಳಚುವ ಅಪಾಯವಿದೆ. 34 ಮಿ.ಮೀ. ಎತ್ತರದ್ದಾದರೆ ನಟ್ ಸ್ಟಿಯರರ್‌ಗೇ ತಾಗಿ ನಿಲ್ಲುತ್ತದೆ, ಬೇರಿಂಗ್ ಬಿಗಿಯಾಗುವುದಿಲ್ಲ. ಈ ಸಂದರ್ಭದಲ್ಲಿ ಮಾತ್ರ 4 ಮಿ.ಮೀ.ನಷ್ಟು ವಾಷರ್ ಸೇರಿಸಿ ಸರಿಪಡಿಸಬಹುದು. ಎತ್ತರ ಕಡಿಮೆಯಾದುದಕ್ಕೆ ಪರಿಹಾರವಿದೆ, ಹೆಚ್ಚಾದುದಕ್ಕೆ ಇಲ್ಲ ಎಂಬುದನ್ನು ಖರೀದಿಸುವವರು ಗಮನದಲ್ಲಿಡಬೇಕು.

5.5 ಒಳಸೇರಿದ ಮಾದರಿ

ಇಲ್ಲಿ ಹಳೆಯ ಬೇರಿಂಗನ್ನೇ ಓದಬೇಕು. ಅದರ ಮೇಲೆ ಗಾತ್ರ ಹಾಗೂ ಎರಡು ಕೋನಗಳು (ಉದಾಹರಣೆಗೆ 36 ಮತ್ತು 45 ಡಿಗ್ರಿ, ಅಥವಾ 45 ಮತ್ತು 45 ಡಿಗ್ರಿ) ಮುದ್ರಿತವಾಗಿರುತ್ತವೆ. ಹೊರವ್ಯಾಸ 41.0 ಮತ್ತು 41.8 ಮಿ.ಮೀ. ಎಂಬ ಎರಡು ಸಮೀಪದ ಅಳತೆಗಳಿದ್ದು ಒಂದರ ಜಾಗದಲ್ಲಿ ಮತ್ತೊಂದು ಕೂರುವುದಿಲ್ಲ. ಕೋನ ತಪ್ಪಿದ ಬೇರಿಂಗ್ ಕೂತಂತೆ ಕಂಡರೂ ಅಂಚಿನಲ್ಲಿ ಮಾತ್ರ ತಾಗಿ ಚೌಕಟ್ಟನ್ನೇ ಸವೆಸುತ್ತದೆ.

5.6 ಪೆಟ್ಟಿಗೆಯ ಮೇಲಿನ ಸಂಕೇತ

ಈಗಿನ ತಯಾರಕರು ಅಳತೆಗಳನ್ನು ಸಂಕೇತದ ರೂಪದಲ್ಲಿ ನೀಡುತ್ತಾರೆ. ‘ಇಸಿ’ ಎಂದರೆ ಹೊರಕಪ್, ‘ಜೆಡ್‌ಎಸ್’ ಎಂದರೆ ಅರ್ಧ ಒಳಸೇರಿದ ಕಪ್, ‘ಐಎಸ್’ ಎಂದರೆ ಪೂರ್ಣ ಒಳಸೇರಿದ ಬೇರಿಂಗ್. ಅಕ್ಷರಗಳ ನಂತರದ ಸಂಖ್ಯೆ ಹೆಡ್ ಟ್ಯೂಬ್‌ನ ಒಳವ್ಯಾಸವನ್ನು ತಿಳಿಸುತ್ತದೆ. ಓರೆಗೆರೆಯ ನಂತರದ ಸಂಖ್ಯೆ ಮೇಲ್ಭಾಗಕ್ಕೆ ಸ್ಟಿಯರರ್‌ನ ವ್ಯಾಸವನ್ನೂ ಕೆಳಭಾಗಕ್ಕೆ ಕ್ರೌನ್ ರೇಸ್ ಜಾಗದ ವ್ಯಾಸವನ್ನೂ ಸೂಚಿಸುತ್ತದೆ. ‘ಇಸಿ34/28.6’ ಮತ್ತು ‘ಇಸಿ34/30’ ಎಂದಿದ್ದರೆ ಮೊದಲನೆಯದು ಮೇಲಿನ ಭಾಗ, ಎರಡನೆಯದು ಕೆಳಗಿನ ಭಾಗ.

6. ಆಯ್ಕೆಯಲ್ಲಿ ಗಮನಿಸಬೇಕಾದ ಇತರ ಅಂಶಗಳು

ಬಿಡಿ ಗುಂಡುಗಳ ಹೆಡ್‌ಸೆಟ್ ಕಡಿಮೆ ಖರ್ಚಿನಲ್ಲಿ ದುರಸ್ತಿಯಾಗುತ್ತದೆ. ಗುಂಡುಗಳು ಸವೆದರೆ ಅಷ್ಟನ್ನೇ ಬದಲಿಸಬಹುದು. ಗುಂಡಿನ ವ್ಯಾಸ ಬಹುಪಾಲು ಉತ್ತಮ ಹೆಡ್‌ಸೆಟ್‌ಗಳಲ್ಲಿ 5/32 ಅಂಗುಲ (ಸುಮಾರು 3.97 ಮಿ.ಮೀ.). ಗಾತ್ರ ಬೆರೆತ ಗುಂಡುಗಳನ್ನಾಗಲಿ, ಹಳೆಯ ಮತ್ತು ಹೊಸ ಗುಂಡುಗಳನ್ನು ಕೂಡಿಸಿಯಾಗಲಿ ಬಳಸಬಾರದು. ಕಾರ್ಟ್ರಿಜ್ ಬೇರಿಂಗ್‌ಗೆ ಧೂಳು ಮತ್ತು ನೀರಿನ ರಕ್ಷಣೆ ಹೆಚ್ಚು; ಆದರೆ ಕೆಟ್ಟಾಗ ಪೂರ್ತಿ ಬದಲಿಸಬೇಕು ಮತ್ತು ಅದೇ ಗಾತ್ರದ್ದು ಸ್ಥಳೀಯವಾಗಿ ದೊರೆಯದಿರಬಹುದು. ಬಯಲುಸೀಮೆಯ ಧೂಳಿನಲ್ಲಿ ಅಭ್ಯಾಸ ನಡೆಸುವವರು ರಬ್ಬರಿನ ಮುಚ್ಚಳವಿರುವ ಬೇರಿಂಗನ್ನು ಆರಿಸುವುದು ಒಳಿತು.

ಜಪಾನಿನ ಕೀರಿನ್ ಸ್ಪರ್ಧೆಗಳು 1948ರಲ್ಲಿ ಆರಂಭವಾದವು. ಅಲ್ಲಿನ ವೃತ್ತಿಪರ ಸ್ಪರ್ಧೆಗಳಲ್ಲಿ ‘ಎನ್‌ಜೆಎಸ್’ ಮುದ್ರೆಯುಳ್ಳ ಬಿಡಿಭಾಗಗಳನ್ನೇ ಬಳಸಬೇಕೆಂಬ ನಿಯಮವಿದೆ. ಈ ಮುದ್ರೆಯ ಹೆಡ್‌ಸೆಟ್‌ಗಳು ಬಾಳಿಕೆಗೆ ಹೆಸರಾಗಿವೆ. ಆದರೆ ಮುದ್ರೆಯು ಅಳತೆಯನ್ನು ಖಾತರಿಪಡಿಸುವುದಿಲ್ಲ, 26.4 ಮತ್ತು 27.0ರ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ. ಕೀರಿನ್ 2000ರ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಸ್ಪರ್ಧೆಯೂ ಆಗಿದ್ದು, ಒಲಿಂಪಿಕ್ಸ್‌ಗೆ ಈ ಮುದ್ರೆಯ ಕಟ್ಟುಪಾಡಿಲ್ಲ.

ತೂಕ ಕಡಿಮೆ ಮಾಡುವ ಉದ್ದೇಶದಿಂದ ಹೆಡ್‌ಸೆಟ್ ಆರಿಸುವುದು ಸೂಕ್ತವಲ್ಲ. ನಿಂತ ಜಾಗದಿಂದ ಓಟ ಆರಂಭಿಸುವಾಗ ಸವಾರನು ಹ್ಯಾಂಡಲನ್ನು ಪೂರ್ಣ ಬಲದಿಂದ ಎಳೆಯುತ್ತಾನೆ. ಆ ಎಳೆತವನ್ನು ತಾಳುವ ಗಟ್ಟಿತನವೇ ಮೊದಲ ಅರ್ಹತೆ.

7. ಅಳವಡಿಸುವ ಕ್ರಮ

ಕಪ್‌ಗಳನ್ನು ಒತ್ತಿ ಕೂರಿಸುವ ಕೆಲಸಕ್ಕೆ ಹೆಡ್‌ಸೆಟ್ ಪ್ರೆಸ್ ಎಂಬ ಉಪಕರಣವಿದೆ. ಅದಿಲ್ಲದಲ್ಲಿ ಉದ್ದನೆಯ ಥ್ರೆಡ್ ಸಲಾಕೆ, ಎರಡು ನಟ್ ಮತ್ತು ದಪ್ಪ ವಾಷರ್‌ಗಳಿಂದ ಅದೇ ಕೆಲಸ ಮಾಡಬಹುದು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಕಪ್ ಓರೆಯಾಗುವ ಸಂಭವ ಹೆಚ್ಚು. ಓರೆಯಾದ ಕಪ್ ಹೆಡ್ ಟ್ಯೂಬನ್ನು ಹಿಗ್ಗಿಸುತ್ತದೆ.

(1) ಹೆಡ್ ಟ್ಯೂಬ್‌ನ ಒಳಭಾಗವನ್ನು ಶುಚಿಗೊಳಿಸಿ, ತುದಿಗಳಲ್ಲಿ ಬಣ್ಣದ ಪದರ ಅಥವಾ ಲೋಹದ ಮುಳ್ಳುಗಳಿದ್ದರೆ ತೆಗೆಯಬೇಕು. ಎರಡು ತುದಿಗಳ ಅಂಚುಗಳು ಪರಸ್ಪರ ಸಮಾನಾಂತರವಾಗಿರಬೇಕು. ಇಲ್ಲದಿದ್ದಲ್ಲಿ ಕಾರ್ಯಾಗಾರದಲ್ಲಿ ಅಂಚುಗಳನ್ನು ಸಮ ಮಾಡಿಸಬೇಕು.
(2) ಕಪ್‌ನ ಹೊರಮೈಗೆ ತೆಳುವಾಗಿ ಗ್ರೀಸ್ ಸವರಿ ಒಂದೊಂದಾಗಿ ಒತ್ತಬೇಕು. ಕಾರ್ಟ್ರಿಜ್ ಬೇರಿಂಗ್ ಇರುವ ಕಪ್‌ನಲ್ಲಿ ಒತ್ತಡ ಕಪ್‌ನ ಅಂಚಿನ ಮೇಲೆ ಬೀಳಬೇಕು, ಬೇರಿಂಗ್‌ನ ಒಳಬಳೆಯ ಮೇಲೆ ಬೀಳಬಾರದು.
(3) ಕಪ್ ಮತ್ತು ಹೆಡ್ ಟ್ಯೂಬ್ ನಡುವೆ ಸುತ್ತಲೂ ಸಂದು ಕಾಣದಿರುವುದನ್ನು ಖಚಿತಪಡಿಸಿಕೊಳ್ಳಬೇಕು.
(4) ಕ್ರೌನ್ ರೇಸನ್ನು ಅದರ ಒಳ ಅಂಚಿಗೆ ಮಾತ್ರ ತಾಗುವ ನೇರವಾದ ಕೊಳವೆಯಿಂದ ತಟ್ಟಿ ಕೂರಿಸಬೇಕು. ಗುಂಡು ಓಡುವ ಮೈಗೆ ಪೆಟ್ಟು ತಾಗಬಾರದು.
(5) ಗ್ರೀಸ್ ಹಚ್ಚಿದ ಕಪ್‌ನಲ್ಲಿ ಗುಂಡುಗಳನ್ನು ಜೋಡಿಸಬೇಕು. ಬಿಡಿ ಗುಂಡುಗಳಾದರೆ ಕಪ್ ತುಂಬುವಷ್ಟು ಇಟ್ಟು ಒಂದನ್ನು ತೆಗೆಯಬೇಕು. ಪಂಜರದ ಗುಂಡುಗಳಾದರೆ ಪಂಜರದ ತಗಡು ರೇಸ್‌ಗೆ ತಾಗದಂತಿರಬೇಕು. ತಲೆಕೆಳಗಾಗಿ ಇಟ್ಟಿದ್ದರೆ ಕೈಯಿಂದ ತಿರುಗಿಸಿದಾಗಲೇ ಉಜ್ಜುವ ಸದ್ದು ಬರುತ್ತದೆ. ಆದುದರಿಂದ ಬಿಚ್ಚುವಾಗಲೇ ಹಳೆಯದು ಯಾವ ಮುಖವಾಗಿತ್ತೆಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

8. ಹೊಂದಿಸುವ ಕ್ರಮ

8.1 ಥ್ರೆಡ್ ಇರುವ ಮಾದರಿ

ಇದಕ್ಕೆ ಎರಡು ತೆಳು ಸ್ಪ್ಯಾನರ್‌ಗಳು ಬೇಕು. ಒಂದು ಅಂಗುಲದ ಹೆಡ್‌ಸೆಟ್‌ಗೆ ಸಾಮಾನ್ಯವಾಗಿ 32 ಮಿ.ಮೀ. ಮೇಲಿನ ರೇಸನ್ನು ಕೈಯಿಂದ ನಿಲ್ಲುವವರೆಗೆ ತಿರುಗಿಸಿ ತುಸು ಹಿಂದಕ್ಕೆ ಬಿಡಬೇಕು. ನಂತರ ವಾಷರ್ ಇಟ್ಟು, ಕೆಳಗಿನ ರೇಸನ್ನು ಒಂದು ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ಲಾಕ್‌ನಟ್ ಬಿಗಿಗೊಳಿಸಬೇಕು. ಲಾಕ್‌ನಟ್ ಬಿಗಿಯಾಗುವಾಗ ರೇಸನ್ನು ಥ್ರೆಡ್‌ನ ಸಂದಿನಷ್ಟು ಕೆಳಕ್ಕೆ ತಳ್ಳುತ್ತದೆ. ಆದುದರಿಂದ ಲಾಕ್‌ನಟ್ ಹಾಕುವ ಮುನ್ನ ಸರಿಯೆನಿಸಿದ್ದು ಹಾಕಿದ ಮೇಲೆ ಬಿಗಿಯಾಗುತ್ತದೆ. ಮೊದಲು ಅತ್ಯಲ್ಪ ಸಡಿಲ ಬಿಟ್ಟು, ಬಿಗಿಗೊಳಿಸಿ, ಪರೀಕ್ಷಿಸಿ, ಅಗತ್ಯವಿದ್ದರೆ ಮತ್ತೆ ಬಿಚ್ಚಿ ತಿದ್ದುವುದೇ ಸರಿಯಾದ ಕ್ರಮ. ಎರಡು ಮೂರು ಬಾರಿ ಹೀಗೆ ಮಾಡಬೇಕಾಗಿ ಬರುವುದು ಸಹಜ.

ಸ್ಟೆಮ್ ಮೇಲೆ ಗುರುತು ಮಾಡಿರುವ ಕನಿಷ್ಠ ಆಳದವರೆಗೆ ಅದು ಒಳಗಿಳಿದಿರಬೇಕು. ಸ್ಟೆಮ್‌ನ ಹಿಡಿತ ಸ್ಟಿಯರರ್‌ನ ಥ್ರೆಡ್ ಇರುವ ಭಾಗದಲ್ಲಿ ಬಿದ್ದರೆ ಸ್ಟಿಯರರ್ ಉಬ್ಬಿ ಬಿರುಕು ಬಿಡಬಹುದು. ಅಂತಿಮ ಪರೀಕ್ಷೆಯನ್ನು ಸ್ಟೆಮ್ ಬಿಗಿಗೊಳಿಸಿದ ನಂತರವೇ ಮಾಡತಕ್ಕದ್ದು.

8.2 ಥ್ರೆಡ್ ಇಲ್ಲದ ಮಾದರಿ

ಇಲ್ಲಿ ಮೇಲ್ಮುಚ್ಚಳದ ಬೋಲ್ಟ್‌ನ ಕೆಲಸ ಬೇರಿಂಗ್‌ಗೆ ಹದವಾದ ಒತ್ತಡ ಕೊಡುವುದು ಮಾತ್ರ. ಫೋರ್ಕನ್ನು ಹಿಡಿದು ನಿಲ್ಲಿಸುವುದು ಸ್ಟೆಮ್‌ನ ಬದಿಯ ಬೋಲ್ಟ್‌ಗಳು. ಕ್ರಮ ಹೀಗಿದೆ:

(1) ಸ್ಟೆಮ್‌ನ ಬದಿಯ ಬೋಲ್ಟ್‌ಗಳನ್ನು ಸಡಿಲಿಸಬೇಕು. ಇವು ಬಿಗಿಯಾಗಿರುವಾಗ ಮುಚ್ಚಳದ ಬೋಲ್ಟ್ ತಿರುಗಿಸಿದರೆ ಹೊಂದಾಣಿಕೆ ಆಗುವುದಿಲ್ಲ.
(2) ಮುಚ್ಚಳದ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ, ಸಡಿಲ ಮಾಯವಾಗುವವರೆಗೆ ಮಾತ್ರ ತಿರುಗಿಸಬೇಕು.
(3) ಹ್ಯಾಂಡಲನ್ನು ಗಾಲಿಗೆ ನೇರ ಮಾಡಿ ಬದಿಯ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ, ಸ್ಟೆಮ್‌ನ ಮೇಲೆ ನಮೂದಿಸಿರುವ ಪ್ರಮಾಣಕ್ಕೆ ಬಿಗಿಗೊಳಿಸಬೇಕು.

ಮುಚ್ಚಳದ ಬೋಲ್ಟ್ ಪೂರ್ತಿ ಬಿಗಿಯಾದರೂ ಸಡಿಲ ಹೋಗದಿದ್ದರೆ ಮುಚ್ಚಳವು ಸ್ಟಿಯರರ್‌ನ ತುದಿಗೇ ತಾಗಿರುತ್ತದೆ. ಸ್ಟಿಯರರ್‌ನ ತುದಿ ಸ್ಟೆಮ್‌ನ ಮೇಲಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದಲ್ಲಿ ಒಂದು ಸ್ಪೇಸರ್ ಉಂಗುರ ಸೇರಿಸಬೇಕು. ಕಾರ್ಬನ್ ಸ್ಟಿಯರರ್‌ಗೆ ಲೋಹದ ಸ್ಟಿಯರರ್‌ಗಳಲ್ಲಿ ಹೊಡೆದು ಕೂರಿಸುವ ನಕ್ಷತ್ರಾಕಾರದ ನಟ್ ಬಳಸಬಾರದು. ಅದಕ್ಕೆ ಹಿಗ್ಗುವ ಮಾದರಿಯ ಪ್ಲಗ್ ಇದೆ.

9. ಪರೀಕ್ಷೆ

ರಸ್ತೆ ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ ಸಡಿಲವನ್ನು ನೋಡುವುದು ವಾಡಿಕೆ. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲದಿರುವುದರಿಂದ ಈ ಕೆಳಕಂಡ ವಿಧಾನಗಳನ್ನು ಅನುಸರಿಸಬೇಕು.

(ಅ) ಹ್ಯಾಂಡಲನ್ನು ಪೂರ್ಣ ಅಡ್ಡಕ್ಕೆ ತಿರುಗಿಸಿದರೆ ಮುಂದಿನ ಗಾಲಿ ಉರುಳಲಾರದು. ಈ ಸ್ಥಿತಿಯಲ್ಲಿ ಸೈಕಲನ್ನು ಹಿಂದಕ್ಕೂ ಮುಂದಕ್ಕೂ ನೂಕಿ, ಇನ್ನೊಂದು ಕೈಯ ಬೆರಳನ್ನು ಮೇಲಿನ ಕಪ್ ಮತ್ತು ರೇಸ್ ಕೂಡುವ ಸಂದಿನ ಮೇಲಿಡಬೇಕು. ಸಡಿಲವಿದ್ದರೆ ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ತಿಳಿಯುತ್ತದೆ. ಕೆಳಗಿನ ಕಪ್‌ಗೂ ಹೀಗೆಯೇ ಮಾಡಬೇಕು.
(ಆ) ಅನುಮಾನ ಉಳಿದರೆ ಗಾಲಿಯನ್ನು ತೆಗೆದು ಫೋರ್ಕ್‌ನ ತುದಿಗಳನ್ನು ಹಿಡಿದು ಅಲುಗಿಸಬೇಕು. ಮುಂದಿನ ಗಾಲಿಯ ಹಬ್ ಸಡಿಲವಾಗಿದ್ದರೆ ಅದೇ ಹೆಡ್‌ಸೆಟ್‌ನ ದೋಷದಂತೆ ಭಾಸವಾಗುವುದುಂಟು.
(ಇ) ಬಿಗಿತದ ಪರೀಕ್ಷೆಗೆ ಗಾಲಿ ಜೋಡಿಸಿ, ಚೌಕಟ್ಟಿನ ಮೇಲ್ನಳಿಕೆ ಹಿಡಿದು ಮುಂಭಾಗವನ್ನು ಎತ್ತಿ ಸ್ವಲ್ಪ ಒಂದು ಬದಿಗೆ ಓರೆ ಮಾಡಬೇಕು. ಗಾಲಿಯು ತನ್ನಷ್ಟಕ್ಕೆ ಆ ಬದಿಗೆ ಹೊರಳಬೇಕು. ನಡುವೆ ನಿಂತರೆ ಅಥವಾ ತಡೆದು ತಡೆದು ತಿರುಗಿದರೆ ಬಿಗಿ ಹೆಚ್ಚಾಗಿದೆ.

ಸಡಿಲವೂ ಇಲ್ಲದ, ತಡೆಯೂ ಇಲ್ಲದ ಸ್ಥಿತಿ ದೊರೆಯುವವರೆಗೆ ತಿದ್ದಬೇಕು. ಒಂದು ಜಾಗದಲ್ಲಿ ಸಡಿಲ, ಇನ್ನೊಂದು ಜಾಗದಲ್ಲಿ ಬಿಗಿ ಎಂದಾದರೆ ಕಪ್ ಓರೆಯಾಗಿದೆ ಅಥವಾ ಸ್ಟಿಯರರ್ ಬಾಗಿದೆ. ಆಗ ಹೊಂದಾಣಿಕೆಯಿಂದ ಪರಿಹಾರ ದೊರೆಯುವುದಿಲ್ಲ. ಆ ಸೈಕಲನ್ನು ಓಟಪಥಕ್ಕೆ ಇಳಿಸಬಾರದು.

ಹೊಸ ಹೆಡ್‌ಸೆಟ್‌ನ ಕಪ್‌ಗಳು ಮೊದಲ ಕೆಲವು ಅಭ್ಯಾಸಗಳಲ್ಲಿ ತುಸು ಕೆಳಗೆ ಕೂರುತ್ತವೆ. ಆದುದರಿಂದ ಮೊದಲ ಅಭ್ಯಾಸದ ನಂತರ ಒಮ್ಮೆ, ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಆನಂತರ ಪ್ರತಿ ಅಭ್ಯಾಸಕ್ಕೆ ಮುನ್ನ (ಅ) ಮತ್ತು (ಇ) ಪರೀಕ್ಷೆಗಳನ್ನು ಮಾಡುವುದು ಅರ್ಧ ನಿಮಿಷದ ಕೆಲಸ. ವರ್ಷಕ್ಕೊಮ್ಮೆಯಾದರೂ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲು, ಬಿಚ್ಚಿ ಹೊಸ ಗ್ರೀಸ್ ಹಾಕಬೇಕು. ಸೈಕಲ್ ತೊಳೆಯುವಾಗ ಕಪ್‌ಗಳ ಮೇಲೆ ನೀರನ್ನು ರಭಸವಾಗಿ ಹಾಯಿಸಬಾರದು.

10. ಬೇಡಿಕೆ ಸಲ್ಲಿಸುವವರು ನಮೂದಿಸಬೇಕಾದ ವಿವರಗಳು

ಕ್ರೀಡಾನಿಲಯ, ಸಂಘ ಅಥವಾ ಕಚೇರಿಯ ಮೂಲಕ ಬಿಡಿಭಾಗ ಕೋರುವವರು ‘ಹೆಡ್‌ಸೆಟ್ 1’ ಎಂದಷ್ಟೇ ಬರೆದರೆ ಸರಿಯಾದ ಭಾಗ ದೊರೆಯುವ ಭರವಸೆಯಿಲ್ಲ. ತಾವು ಕೋರಿಕೆಯಲ್ಲಿ ಈ ವಿವರಗಳನ್ನು ಸೇರಿಸಿರಿ:

- ಮಾದರಿ (ಥ್ರೆಡ್ ಇರುವ / ಥ್ರೆಡ್ ಇಲ್ಲದ / ಒಳಸೇರಿದ)
- ಸ್ಟಿಯರರ್‌ನ ಹೊರವ್ಯಾಸ. ಥ್ರೆಡ್ ಇದ್ದರೆ ಅದರ ಅಳತೆ
- ಕ್ರೌನ್ ರೇಸ್ ಜಾಗದ ವ್ಯಾಸ
- ಹೆಡ್ ಟ್ಯೂಬ್‌ನ ಒಳವ್ಯಾಸ, ಮೇಲೆ ಮತ್ತು ಕೆಳಗೆ ಪ್ರತ್ಯೇಕವಾಗಿ
- ಹೆಡ್ ಟ್ಯೂಬ್‌ನ ಉದ್ದ, ಸ್ಟಿಯರರ್‌ನ ಉದ್ದ ಮತ್ತು ಇವೆರಡರ ವ್ಯತ್ಯಾಸ
- ಹಳೆಯ ಹೆಡ್‌ಸೆಟ್ ಅಥವಾ ಬೇರಿಂಗ್ ಮೇಲಿನ ಬರಹ
- ಸೈಕಲ್‌ನ ಚೌಕಟ್ಟಿನ ಸಂಖ್ಯೆ ಮತ್ತು ಕಂಡುಬಂದ ದೋಷ

ಹೊಸದು ಕೈಸೇರಿ ಜೋಡಣೆಯಾಗುವವರೆಗೆ ಹಳೆಯ ಹೆಡ್‌ಸೆಟ್ಟನ್ನು ಬಿಸಾಡಬೇಡಿರಿ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಸ್ತೆ ಸೈಕಲ್‌ನ ಹೆಡ್‌ಸೆಟ್ಟನ್ನು ಟ್ರ್ಯಾಕ್ ಸೈಕಲ್‌ಗೆ ಬಳಸಬಹುದೇ?
ಉತ್ತರ: ಅಳತೆಗಳೆಲ್ಲ ಹೊಂದಿದರೆ ಬಳಸಬಹುದು. ಟ್ರ್ಯಾಕ್ ಸೈಕಲ್‌ಗೆಂದು ಪ್ರತ್ಯೇಕ ಅಳತೆಯ ಪದ್ಧತಿಯಿಲ್ಲ.

ಪ್ರಶ್ನೆ: ಗುಂಡುಗಳನ್ನು ಮಾತ್ರ ಬದಲಿಸಿದರೆ ಸಾಲದೇ?
ಉತ್ತರ: ರೇಸ್‌ಗಳ ಮೈ ನುಣುಪಾಗಿದ್ದರೆ ಸಾಕು. ಬೆರಳಿನ ಉಗುರನ್ನು ರೇಸ್ ಮೇಲೆ ಎಳೆದಾಗ ಸಮ ಅಂತರದಲ್ಲಿ ಗುಳಿಗಳು ತಗುಲಿದರೆ ರೇಸ್ ಬದಲಿಸಲೇಬೇಕು.

ಪ್ರಶ್ನೆ: ಹೊಸದು ಬರುವವರೆಗೆ ಗುಳಿ ಬಿದ್ದ ಹೆಡ್‌ಸೆಟ್‌ಗೆ ತಾತ್ಕಾಲಿಕ ಉಪಾಯವಿದೆಯೇ?
ಉತ್ತರ: ಪಂಜರದ ಗುಂಡುಗಳನ್ನು ತೆಗೆದು ಅದೇ ಗಾತ್ರದ ಬಿಡಿ ಗುಂಡುಗಳನ್ನು ಹಾಕಿದರೆ ಸಂಖ್ಯೆ ಬದಲಾಗುವುದರಿಂದ ಅವೆಲ್ಲವೂ ಏಕಕಾಲಕ್ಕೆ ಗುಳಿಗಳಲ್ಲಿ ಕೂರುವುದಿಲ್ಲ. ಇದು ಒಬ್ಬರೇ ನಡೆಸುವ ಹಗುರ ಅಭ್ಯಾಸಕ್ಕೆ ಸೀಮಿತ. ಸ್ಪರ್ಧೆಗೂ ಗುಂಪಿನ ಓಟಕ್ಕೂ ಸಲ್ಲದು.

ಪ್ರಶ್ನೆ: ಪದೇ ಪದೇ ಹೊಂದಿಸಿದರೂ ಸಡಿಲವಾಗುತ್ತಿದೆ. ಕಾರಣವೇನು?
ಉತ್ತರ: ಕಪ್ ಹೆಡ್ ಟ್ಯೂಬ್‌ನೊಳಗೆ ಅಲುಗುತ್ತಿರಬಹುದು, ಕ್ರೌನ್ ರೇಸ್ ಸಡಿಲವಾಗಿರಬಹುದು ಅಥವಾ ಲಾಕ್‌ನಟ್ ಸಾಕಷ್ಟು ಥ್ರೆಡ್ ಹಿಡಿಯದಿರಬಹುದು. ಕಂಡಿಕೆ 5ರ ಅಳತೆಗಳನ್ನು ಮತ್ತೊಮ್ಮೆ ಪರಿಶೀಲಿಸಿರಿ.

ಪ್ರಶ್ನೆ: ಪರೀಕ್ಷೆಗಾಗಿ ಟ್ರ್ಯಾಕ್ ಸೈಕಲನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಬಹುದೇ?
ಉತ್ತರ: ಕೂಡದು. ಬ್ರೇಕ್ ಇಲ್ಲದ ಸೈಕಲ್ ವಾಹನ ಸಂಚಾರದ ನಡುವೆ ಅಪಾಯಕಾರಿ. ಮುಚ್ಚಿದ ಮೈದಾನದಲ್ಲಿ ಅಥವಾ ಓಟಪಥದಲ್ಲಿ ನಿಧಾನ ವೇಗದಿಂದ ಆರಂಭಿಸಿರಿ.

ಸೂಚನೆ: ಈ ಪುಟದ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಯಾವುದೇ ತಯಾರಕರ ಉತ್ಪನ್ನವನ್ನು ಶಿಫಾರಸು ಮಾಡಲಾಗಿಲ್ಲ. ಹೆಡ್‌ಸೆಟ್‌ನೊಂದಿಗೆ ಬರುವ ತಯಾರಕರ ಸೂಚನಾಪತ್ರವು ಇಲ್ಲಿನ ವಿವರಕ್ಕಿಂತ ಭಿನ್ನವಾಗಿದ್ದಲ್ಲಿ ಸೂಚನಾಪತ್ರವನ್ನೇ ಅನುಸರಿಸತಕ್ಕದ್ದು. ಚೌಕಟ್ಟು ಅಥವಾ ಫೋರ್ಕ್‌ನಲ್ಲಿ ಬಿರುಕು ಕಂಡುಬಂದಲ್ಲಿ ಆ ಸೈಕಲ್‌ನ ಬಳಕೆಯನ್ನು ಕೂಡಲೇ ನಿಲ್ಲಿಸಿ ತರಬೇತುದಾರರ ಗಮನಕ್ಕೆ ತರತಕ್ಕದ್ದು.